ನಾಳೆಯ ಮಾತಿಗೆ ಕ್ರಿಯಾರೂಪ: ಭಾಷೆ ಕಟ್ಟುವವರಿಗೆ ಒಂದು ಮಾರ್ಗದರ್ಶಿ

ಕಥೆಗೋ ಚಿತ್ರಕ್ಕೋ ಖುಷಿಗೋ ಹೊಸ ಭಾಷೆಯೊಂದನ್ನು ಕಟ್ಟಲು ಕೂತವರು ಸಾಮಾನ್ಯವಾಗಿ ಮೊದಲೇ ಮೂರು ಪ್ರತ್ಯಯ ಬರೆದಿಡುತ್ತಾರೆ: ಭೂತಕ್ಕೊಂದು, ವರ್ತಮಾನಕ್ಕೊಂದು, ಭವಿಷ್ಯತ್ತಿಗೊಂದು. ಭೂತಕಾಲಕ್ಕೆ ಇದು ಹೇಗೋ ನಡೆಯುತ್ತದೆ. ಭವಿಷ್ಯತ್ತಿಗೆ ಬಂದಾಗ ಕೆಲಸ ಕೆಡುತ್ತದೆ. ಇನ್ನೂ ಆಗದ್ದರ ಬಗ್ಗೆ ಮಾತಾಡುವಾಗ ನಾವು ಬರೀ ಹೊತ್ತು ತಿಳಿಸುವುದಿಲ್ಲ. ಊಹಿಸುತ್ತೇವೆ, ನಿರ್ಧಾರ ಹೇಳುತ್ತೇವೆ, ಮಾತು ಕೊಡುತ್ತೇವೆ, ಹಾರೈಸುತ್ತೇವೆ, ಎಚ್ಚರಿಸುತ್ತೇವೆ. ಇಷ್ಟನ್ನೂ ಒಂದೇ ಪ್ರತ್ಯಯಕ್ಕೆ ಹೊರಿಸಿದರೆ ನಿಮ್ಮ ಭಾಷೆಯ ಜನ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುವಂತಾಗುತ್ತದೆ.

ಮಾತಾಡುವವನು ತಾನು ಹೇಳುವ ಕೆಲಸದ ಬಗ್ಗೆ ಎಂಥ ನಿಲುವು ಇಟ್ಟುಕೊಂಡಿದ್ದಾನೆ ಎಂದು ತೋರಿಸುವ ಕ್ರಿಯಾರೂಪಕ್ಕೆ ವ್ಯಾಕರಣದಲ್ಲಿ ಮೂಡ್ ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ವಿಧ್ಯರ್ಥ, ಸಂಭಾವನಾರ್ಥ, ನಿಷೇಧಾರ್ಥ ನೆನಪಿದೆಯಲ್ವಾ? ಅವು ಇದೇ ಜಾತಿಯವು. ಭವಿಷ್ಯತ್ತನ್ನು ಕಾಲದ ಕಡೆಯಿಂದ ನೋಡುವುದಕ್ಕಿಂತ ಮೂಡ್ ಕಡೆಯಿಂದ ನೋಡಿ ಕಟ್ಟಿದರೆ ಭಾಷೆಗೆ ಜೀವ ಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಪ್ರತ್ಯಯ ಬದಿಗಿಡಿ, ವಾಕ್ಯ ಬರೆಯಿರಿ

ಮೊದಲು ನಿಮ್ಮ ಮಾತೃಭಾಷೆಯಲ್ಲೇ ಒಂದಿಷ್ಟು ವಾಕ್ಯ ಬರೆದುಕೊಳ್ಳಿ. ಪುಸ್ತಕದ ಕನ್ನಡ ಬೇಡ, ಬಾಯಲ್ಲಿ ಬರುವ ಕನ್ನಡ ಇರಲಿ. ನಾನು ಇಟ್ಟುಕೊಳ್ಳುವ ಪಟ್ಟಿ ಇದು:

- ನಾಳೆ ಮಳೆ ಬರುತ್ತೆ.
- ನಾಳೆ ನಾನು ಬರ್ತೀನಿ.
- ನಾಳೆ ಬರೋಣ ಅಂತ ಇದ್ದೀನಿ.
- ನಾಳೆ ಬಂದೇ ಬರ್ತೀನಿ.
- ಅವನು ನಾಳೆ ಬಂದಾನು.
- ಅವನು ನಾಳೆ ಬರಲಿ.
- ನಾನೂ ಬರಲಾ?
- ಹುಷಾರು, ಬಿದ್ದೀಯ!
- ಬಸ್ಸು ಆರಕ್ಕೆ ಹೊರಡುತ್ತೆ.
- ತಡಿ, ಬಂದೆ.
- ಬರಬೇಕು ಅಂತಿದ್ದೆ, ಆಗಲಿಲ್ಲ.
- ನಾನು ಬರಲ್ಲ.

ಶಾಲೆಯ ವ್ಯಾಕರಣದಲ್ಲಿ ಭವಿಷ್ಯತ್ ಎಂದರೆ ‘ಬರುವೆನು’. ಈ ಪಟ್ಟಿಯಲ್ಲಿ ಅದು ಒಂದು ಕಡೆಯೂ ಇಲ್ಲ, ಆದರೂ ಹೆಚ್ಚಿನವು ನಾಳೆಯ ಮಾತೇ. ‘ಬರ್ತೀನಿ’ ರೂಪದಲ್ಲಿ ವರ್ತಮಾನದ್ದು. ‘ತಡಿ, ಬಂದೆ’ ಎನ್ನುವಾಗಲಂತೂ ಭೂತಕಾಲದ ರೂಪ ಬಳಸಿ, ಇನ್ನೂ ಹೊರಡದೇ ಇರುವುದನ್ನು ಹೇಳುತ್ತೇವೆ. ‘ಬಂದಾನು’ ಮತ್ತು ‘ಬಿದ್ದೀಯ’ ಎರಡೂ ಸಂಭಾವನಾರ್ಥದ ರೂಪಗಳು. ಒಂದು ಬರೀ ಊಹೆ, ಇನ್ನೊಂದು ಎಚ್ಚರಿಕೆ. ಇಂಗ್ಲಿಷಿನ ಅಚ್ಚಿನಲ್ಲಿ ಒಂದೇ ಒಂದು ಭವಿಷ್ಯತ್ ಪ್ರತ್ಯಯ ಹುಡುಕುವ ಮೊದಲು ನಮ್ಮದೇ ಬಾಯಲ್ಲಿ ಏನೇನಿದೆ ಅಂತ ನೋಡುವುದು ಒಳ್ಳೆಯದು.

ಹಂತ 2: ಮಳೆಯ ಪರೀಕ್ಷೆ

ಪಟ್ಟಿಯ ಪ್ರತಿಯೊಂದು ರೂಪಕ್ಕೂ ‘ಮಳೆ’ಯನ್ನು ಕರ್ತೃವಾಗಿ ಹಾಕಿ ನೋಡಿ. ಮಳೆಗೆ ಉದ್ದೇಶ ಇಲ್ಲ. ಹಾಗಾಗಿ ಯಾವ ರೂಪ ಉದ್ದೇಶ ಹೇಳುತ್ತದೆ, ಯಾವುದು ಮುನ್ನೋಟ, ಅಂದರೆ ಮುಂದೆ ಹೀಗಾಗುತ್ತದೆ ಎಂಬ ಊಹೆ, ಹೇಳುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ.

‘ಮಳೆ ಬರುತ್ತೆ’ ಸರಿ. ‘ಮಳೆ ಬರೋಣ ಅಂತ ಇದೆ’ ಆಗುವುದೇ ಇಲ್ಲ. ‘ಮಳೆ ಬರಲಿ’ ಆಗುತ್ತದೆ, ಆದರೆ ಅಲ್ಲಿನ ಬಯಕೆ ಮಳೆಯದ್ದಲ್ಲ, ಹೇಳುವವರದ್ದು. ಇನ್ನು ‘ಬಂದೇ ಬರ್ತೀನಿ’ ಎಂದರೆ ಮಾತು ಕೊಟ್ಟ ಹಾಗೆ. ‘ಮಳೆ ಬಂದೇ ಬರುತ್ತೆ’ ಎಂದರೆ ಖಾತ್ರಿ. ರೂಪ ಒಂದೇ, ಕರ್ತೃ ಬದಲಾದ ಕೂಡಲೇ ಅರ್ಥ ಬೇರೆ ದಾರಿ ಹಿಡಿಯಿತು.

ನೀವು ಕಟ್ಟುವ ಪ್ರತಿಯೊಂದು ರೂಪಕ್ಕೂ ಈ ಪರೀಕ್ಷೆ ಮಾಡಿ, ಉತ್ತರ ಬರೆದಿಡಿ. ಮುಂದಿನ ಹಂತಗಳಲ್ಲಿ ಇದೇ ಮತ್ತೆ ಮತ್ತೆ ಬೇಕಾಗುತ್ತದೆ.

ಹಂತ 3: ಬೇರೆಯವರು ಎಲ್ಲಿ ಗೆರೆ ಎಳೆದಿದ್ದಾರೆ ನೋಡಿ

ಯಾವ ಅರ್ಥಗಳನ್ನು ಒಂದೇ ರೂಪದಲ್ಲಿ ಸೇರಿಸಬೇಕು, ಯಾವುದನ್ನು ಬೇರೆ ಇಡಬೇಕು ಎಂದು ತೀರ್ಮಾನಿಸುವ ಮುಂಚೆ ಈಗಾಗಲೇ ಇರುವ ಕಟ್ಟಿದ ಭಾಷೆಗಳನ್ನು ನೋಡಿ. ಅವು ತೆಗೆದುಕೊಂಡ ನಿರ್ಧಾರಗಳು ಒಂದಕ್ಕೊಂದು ತುಂಬಾ ಬೇರೆ.

1887ರಲ್ಲಿ ಝಾಮೆನ್‌ಹೋಫ್ ಬೇರೆ ಬೇರೆ ದೇಶದವರು ಪರಸ್ಪರ ಮಾತಾಡಲೆಂದು ಹೊರತಂದ ಎಸ್ಪೆರಾಂಟೋ ಭಾಷೆಯಲ್ಲಿ ‘ಓಸ್’ ಎಂಬುದು ಭವಿಷ್ಯತ್ ಪ್ರತ್ಯಯ. ‘ಮಿ ವೇನೋಸ್’ ಎಂದರೆ ನಾನು ಬರ್ತೀನಿ, ‘ಪ್ಲೂವೋಸ್’ ಎಂದರೆ ಮಳೆ ಬರುತ್ತೆ. ಉದ್ದೇಶ, ಮುನ್ನೋಟ ಎರಡೂ ಒಂದೇ ಚೀಲದಲ್ಲಿ. ಆದರೆ ಇಚ್ಛೆಗೆ ಬೇರೆ ಜಾಗವಿದೆ: ‘ಉ’ ಪ್ರತ್ಯಯ. ‘ವೇನು’ ಎಂದರೆ ಬಾ, ‘ಲಿ ವೇನು’ ಎಂದರೆ ಅವನು ಬರಲಿ, ‘ನಿ ವೇನು’ ಎಂದರೆ ಬರೋಣ. ಕನ್ನಡದಲ್ಲಿ ಮೂರು ರೂಪ ಮಾಡುವ ಕೆಲಸವನ್ನು ಅಲ್ಲಿ ಒಂದೇ ಸ್ವರ ಮಾಡುತ್ತದೆ. ಕಲಿಯಲು ಸುಲಭವಾಗಬೇಕು ಎಂಬ ಗುರಿಯ ಭಾಷೆಗೆ ಇದು ತಕ್ಕ ಲೆಕ್ಕಾಚಾರ.

ಪಾಲ್ ಫ್ರಾಮರ್ 2009ರ ‘ಅವತಾರ್’ ಚಿತ್ರಕ್ಕಾಗಿ ಕಟ್ಟಿದ ನಾವಿ ಭಾಷೆಯಲ್ಲಿ ಗೆರೆ ಸರಿಯಾಗಿ ಉದ್ದೇಶದ ಮೇಲೇ ಬಿದ್ದಿದೆ. ಅಲ್ಲಿ ಪ್ರತ್ಯಯ ಧಾತುವಿನ ಹೊಟ್ಟೆಯೊಳಗೆ ಸೇರುತ್ತದೆ. ‘ತಾರೋನ್’ ಎಂದರೆ ಬೇಟೆಯಾಡು. ನಡುವೆ ‘ಅಯ್’ ಸೇರಿಸಿದರೆ ‘ತಯಾರೋನ್’, ಅಂದರೆ ಬರೀ ಭವಿಷ್ಯತ್. ‘ಅಸ್ಯ್’ ಸೇರಿಸಿದರೆ ‘ತಸ್ಯಾರೋನ್’: ಬೇಟೆಯಾಡುವ ಸಂಕಲ್ಪ ಇದೆ ಎಂದು. ಒಂದೇ ಒಂದು ‘ಸ್’ ಮನಸ್ಸಿನ ನಿರ್ಧಾರವನ್ನು ಹೊತ್ತು ತರುತ್ತದೆ. ಇದರ ಜತೆಗೆ ಇನ್ನೇನು ಆಗಲಿರುವ ಕೆಲಸಕ್ಕೆ ಬೇರೆ ರೂಪ, ಅದಕ್ಕೂ ಸಂಕಲ್ಪದ ಜೋಡಿ. ಉದ್ದೇಶ ಮತ್ತು ಮುನ್ನೋಟವನ್ನು ಬೇರೆ ಮಾಡಬೇಕು ಅಂತಿರುವವರು ಮೊದಲು ನೋಡಬೇಕಾದ ಮಾದರಿ ಇದೇ.

‘ಸ್ಟಾರ್ ಟ್ರೆಕ್’ ಕಥೆಗಳಲ್ಲಿ ಬರುವ ಕ್ಲಿಂಗಾನ್ ಎಂಬ ಯೋಧ ಜನಾಂಗಕ್ಕಾಗಿ ಮಾರ್ಕ್ ಒಕ್ರ್ಯಾಂಡ್ ಕಟ್ಟಿದ ಕ್ಲಿಂಗಾನ್ ಭಾಷೆ ಇನ್ನೂ ದೂರ ಹೋಗುತ್ತದೆ. ಅಲ್ಲಿ ಕಾಲದ ಪ್ರತ್ಯಯವೇ ಇಲ್ಲ. ‘ಜಿಷೋಪ್’ ಎಂದರೆ ತಿನ್ನುತ್ತೇನೆ, ತಿಂದೆ ಎರಡೂ. ‘ವಾಲೆಷ್’, ಅಂದರೆ ನಾಳೆ, ಸೇರಿಸಿದರೆ ಭವಿಷ್ಯತ್. ಆದರೆ ಮನಸ್ಸಿನ ಸ್ಥಿತಿಗೆ ಪ್ರತ್ಯಯಗಳ ಒಂದು ಗುಂಪೇ ಇದೆ: ‘ನಿಷ್’ ಎಂದರೆ ಅಗತ್ಯ, ‘ಕಾಂಗ್’ ಎಂದರೆ ಒಪ್ಪಿಗೆ, ‘ರೂಪ್’ ಎಂದರೆ ಸಿದ್ಧತೆ, ‘ವಿಪ್’ ಎಂದರೆ ಭಯ. ಯಂತ್ರ ಸಿದ್ಧವಾಗಿದ್ದರೆ ‘ರೂಪ್’ ಬಳಸುವಂತಿಲ್ಲ, ಅದಕ್ಕೆ ‘ಬೆಖ್’. ಅಂದರೆ ಮಳೆಯ ಪರೀಕ್ಷೆಯನ್ನು ಒಕ್ರ್ಯಾಂಡ್ ವ್ಯಾಕರಣದೊಳಗೇ ಇಟ್ಟುಬಿಟ್ಟಿದ್ದಾರೆ. ಇನ್ನೂ ಒಂದು ಸೊಗಸು ಇದೆ. ‘ನನಗೆ ಭಯ’, ‘ನಮಗೆ ಭಯ’ ಎಂದು ‘ವಿಪ್’ ಬಳಸಿ ಹೇಳುವುದು ವ್ಯಾಕರಣದ ಪ್ರಕಾರ ತಪ್ಪಲ್ಲ, ಆದರೆ ಕ್ಲಿಂಗಾನರಲ್ಲಿ ಅದು ಹೇಳಬಾರದ ಮಾತು. ಒಂದು ಪ್ರತ್ಯಯದ ಬಳಕೆಯಲ್ಲೇ ಆ ಜನರ ಸ್ವಭಾವ ಪೂರ್ತಿ ಕಾಣುತ್ತದೆ.

ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾ ತೀರಾ ಕಡಿಮೆ ಪದಗಳ ಭಾಷೆ. ಅಲ್ಲಿ ‘ವಿಲೆ’ ಒಂದೇ ಪದ ಬಯಕೆ, ಅಗತ್ಯ ಎರಡಕ್ಕೂ ಸಾಕು. ಹೊತ್ತು ಹೇಳಲೇಬೇಕಾದರೆ ‘ಟೆನ್ಪೋ ಕಾಮಾ ಲಾ’, ಅಂದರೆ ‘ಬರುವ ಹೊತ್ತಿನಲ್ಲಿ’, ಎಂದು ವಾಕ್ಯದ ಮುಂದೆ ಸೇರಿಸುತ್ತಾರೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ತನ್ನ ಕಥೆಗಳ ಎಲ್ಫ್ ಜನಕ್ಕಾಗಿ ಕಟ್ಟಿದ ಕ್ವೆನ್ಯಾದಲ್ಲಿ ‘ತುಲುವಾ’ ಎಂದರೆ ಬರುತ್ತಾನೆ. ಅದರ ಮುಂದೆ ‘ನೈ’ ಸೇರಿಸಿದರೆ ಅದೇ ಭವಿಷ್ಯತ್ ರೂಪ ಹಾರೈಕೆಯಾಗುತ್ತದೆ. ಇದ್ದ ರೂಪಕ್ಕೆ ಒಂದು ಸಣ್ಣ ಪದ ಜೋಡಿಸಿ ಹೊಸ ಮೂಡ್ ಪಡೆಯುವ ಈ ದಾರಿ ತುಂಬಾ ಅಗ್ಗ, ತುಂಬಾ ಚೆಂದ.

ಹಂತ 4: ಇಚ್ಛೆ ಯಾರದ್ದು?

ಇಡೀ ಕೆಲಸದಲ್ಲಿ ಜಾಸ್ತಿ ಯೋಚಿಸಬೇಕಾದ ಪ್ರಶ್ನೆ ಇದು. ‘ಉದ್ದೇಶಸೂಚಕ’ ಎಂದು ಪ್ರತ್ಯಯಕ್ಕೆ ಹೆಸರಿಟ್ಟು ಮುಂದೆ ಹೋಗುವವರು ಬಹಳ. ಆದರೆ ಉದ್ದೇಶ ಎಂದ ಮೇಲೆ ಅದು ಒಬ್ಬರದ್ದಾಗಿರಲೇಬೇಕು. ವಾಕ್ಯದ ಕರ್ತೃವಿನದ್ದೋ, ಮಾತಾಡುವವನದ್ದೋ, ಕೇಳುವವನದ್ದೋ?

‘ನಾನು’ ಎಂಬ ಕರ್ತೃ ಇದ್ದಾಗ ಈ ತೊಡಕು ಕಾಣುವುದಿಲ್ಲ, ಕರ್ತೃವೂ ಮಾತಾಡುವವನೂ ಒಬ್ಬನೇ. ಕರ್ತೃ ‘ಅವನು’ ಆದ ತಕ್ಷಣ ಕಾಣುತ್ತದೆ. ‘ಅವನು ಬರಬೇಕು ಅಂತಿದ್ದಾನೆ’ ಎಂದರೆ ಇಚ್ಛೆ ಅವನದ್ದು, ನಾನು ಸುಮ್ನೆ ಸುದ್ದಿ ಮುಟ್ಟಿಸುತ್ತಿದ್ದೇನೆ. ‘ಅವನು ಬರಲಿ’ ಎಂದರೆ ಇಚ್ಛೆ ನನ್ನದು, ಅವನಿಗೆ ಮನಸ್ಸಿದೆಯೋ ಇಲ್ಲವೋ ಗೊತ್ತಿಲ್ಲ. ‘ನಾನೂ ಬರಲಾ?’ ಎಂದು ಕೇಳಿದಾಗ ಬರುವವನು ನಾನು, ಆದರೆ ತೀರ್ಮಾನ ಎದುರಿಗಿರುವವರ ಕೈಯಲ್ಲಿ. ಕನ್ನಡ ಈ ಮೂರನ್ನೂ ಎಷ್ಟು ಅಚ್ಚುಕಟ್ಟಾಗಿ ಬೇರೆ ಮಾಡುತ್ತದೆ ನೋಡಿ.

ಲೋಜ್‌ಬಾನ್ ತರ್ಕಕ್ಕೆ ಹೊಂದುವಂತೆ ಕಟ್ಟಿದ ಭಾಷೆ. ಅದು ಈ ಪ್ರಶ್ನೆಗೆ ಖಡಾಖಂಡಿತ ಉತ್ತರ ಕೊಟ್ಟಿದೆ. ಅಲ್ಲಿ ಭವಿಷ್ಯತ್ತಿಗೆ ‘ಬಾ’ ಎಂಬ ಪುಟ್ಟ ಪದ, ಹಾಕಿದರೂ ಸರಿ, ಬಿಟ್ಟರೂ ಸರಿ. ಉದ್ದೇಶಕ್ಕೆ ‘ಐ’ ಎಂಬ ಬೇರೆಯೇ ಪದ, ಅದು ಯಾವಾಗಲೂ ಮಾತಾಡುವವನ ನಿಲುವು. ಅದಕ್ಕೆ ಮೂರು ಮೆಟ್ಟಿಲು: ‘ಐ’ ಎಂದರೆ ಮಾಡುವ ಮನಸ್ಸು, ‘ಐಶುಹಿ’ ಎಂದರೆ ಇನ್ನೂ ತೀರ್ಮಾನ ಆಗಿಲ್ಲ, ‘ಐನೈ’ ಎಂದರೆ ಒಲ್ಲೆ. ‘ಐ ಮಿ ಕ್ಲಾಮಾ’ ಎಂದರೆ ಹೋಗುವ ಮನಸ್ಸು ಇದೆ ಎಂದಷ್ಟೇ, ನಾನು ಹೋಗುತ್ತೇನೆ ಎಂದು ವಾಕ್ಯ ಸಾಧಿಸುವುದಿಲ್ಲ. ನಾಳೆ ಹೋಗದಿದ್ದರೆ ಆ ಮಾತು ಸುಳ್ಳಾಗುವುದಿಲ್ಲ. ‘ಬಾ’ ಬಳಸಿ ಹೇಳಿದ್ದರೆ ಸುಳ್ಳಾಗುತ್ತಿತ್ತು.

ಇದರಿಂದ ಒಂದು ಒಳ್ಳೆಯ ಕೆಲಸದ ಪಟ್ಟಿ ಸಿಗುತ್ತದೆ. ಪ್ರತಿ ರೂಪಕ್ಕೂ ಎರಡು ಸಾಲು ಬರೆಯಿರಿ: ಇಲ್ಲಿ ಇಚ್ಛೆ ಯಾರದ್ದು? ಕೆಲಸ ಆಗದೆ ಹೋದರೆ ಈ ಮಾತು ಸುಳ್ಳೇ? ಎರಡನೆಯ ಪ್ರಶ್ನೆಗೆ ‘ಹೌದು’ ಎಂದಾದರೆ ಅದು ಮುನ್ನೋಟದ ಕಡೆಗೆ ವಾಲಿದೆ. ‘ಸುಳ್ಳಲ್ಲ, ಆದರೆ ಮಾತು ತಪ್ಪಿದ ಹಾಗೆ’ ಎಂದಾದರೆ ಅದು ಪ್ರಮಾಣ. ‘ಏನೂ ಅಲ್ಲ’ ಎಂದಾದರೆ ಬರೀ ಬಯಕೆ.

ಹಂತ 5: ರೂಪಕ್ಕೊಂದು ಹುಟ್ಟು ಕೊಡಿ

ಈಗ ಪ್ರತ್ಯಯ ಮಾಡುವ ಹೊತ್ತು. ಗಾಳಿಯಿಂದ ಅಕ್ಷರ ಹಿಡಿದು ಅಂಟಿಸುವ ಬದಲು ಅದಕ್ಕೊಂದು ಹಳೆಯ ಕಥೆ ಕೊಡಿ. ಲೋಕದ ಭಾಷೆಗಳಲ್ಲಿ ಭವಿಷ್ಯತ್ ರೂಪಗಳು ಹುಟ್ಟಿದ ದಾರಿಗಳು ಕೆಲವೇ.

ಒಂದು, ಬಯಕೆ. ಇಂಗ್ಲಿಷಿನ ‘ವಿಲ್’ ಹಿಂದೆ ‘ಬಯಸು’ ಎಂಬ ಅರ್ಥದ ಕ್ರಿಯಾಪದವಾಗಿತ್ತು. ಸ್ವಾಹಿಲಿಯ ‘ನಿತಾಕುಜಾ’, ಅಂದರೆ ನಾನು ಬರುತ್ತೇನೆ, ಎಂಬುದರ ನಡುವಿನ ‘ತಾ’ ಬಂದದ್ದು ‘ತಾಕಾ’, ಬಯಸು, ಎಂಬುದರಿಂದ. ಇನ್ನೊಂದು, ಹೊಣೆ. ಲ್ಯಾಟಿನ್‌ನಲ್ಲಿ ‘ಹಾಡುವುದು ನನಗಿದೆ’ ಎಂಬ ಧಾಟಿಯ ಮಾತು ಕುಗ್ಗಿ ಫ್ರೆಂಚಿನ ಭವಿಷ್ಯತ್ ಪ್ರತ್ಯಯವಾಯಿತು. ಮತ್ತೊಂದು, ಹೊತ್ತಿನ ಪದ. ಪಪುವಾ ನ್ಯೂಗಿನಿಯ ಟೋಕ್ ಪಿಸಿನ್‌ನಲ್ಲಿ ‘ಆಮೇಲೆ’ ಎಂಬರ್ಥದ ‘ಬೈಂಬೈ’ ಸವೆದು ‘ಬೈ’ ಎಂಬ ಭವಿಷ್ಯತ್ ಗುರುತಾಗಿದೆ. ಹೋಗುವ, ಬರುವ ಕ್ರಿಯಾಪದಗಳಿಂದಲೂ ಹುಟ್ಟುತ್ತವೆ.

ಐದನೆಯ ದಾರಿ ನಮ್ಮ ಮನೆಯಲ್ಲೇ ಇದೆ, ಭಾಷೆ ಕಟ್ಟುವವರು ಅದನ್ನು ಬಳಸುವುದು ಕಡಿಮೆ. ‘ಬರೋಣ ಅಂತ ಇದ್ದೀನಿ.’ ಇದರೊಳಗೆ ಒಂದು ಉಲ್ಲೇಖವಿದೆ. ‘ಬರೋಣ’ ಎಂದು ಮನಸ್ಸಿನಲ್ಲೇ ಹೇಳಿಕೊಂಡ ಮಾತು, ‘ಅಂತ’ ಎಂಬ ಗುರುತು, ಆಮೇಲೆ ‘ಇದ್ದೀನಿ’. ಉದ್ದೇಶವನ್ನು ತನಗೆ ತಾನೇ ಆಡಿಕೊಂಡ ಮಾತಾಗಿ ಹೇಳುವುದು ನ್ಯೂಗಿನಿಯ ಹಲವು ಭಾಷೆಗಳಲ್ಲೂ ಇದೆ. ನಿಮ್ಮ ಭಾಷೆಯಲ್ಲಿ ‘ಹೇಳು’ ಎಂಬ ಧಾತು ಸವೆದು ಉದ್ದೇಶದ ಪ್ರತ್ಯಯವಾಗಬಹುದು. ಕನ್ನಡಿಗರ ಕೈಯಲ್ಲಿ ಇದು ಸಹಜವಾಗಿ ಮೂಡುತ್ತದೆ.

ಉದಾಹರಣೆಗೆ ಒಂದು ಚಿಕ್ಕ ಭಾಷೆ ಕಟ್ಟೋಣ. ‘ಕೊ’ ಎಂದರೆ ನಾನು, ‘ನೆತ’ ಎಂದರೆ ಬರು, ‘ಪೀರ’ ಎಂದರೆ ಮಳೆ ಬೀಳು, ‘ಸೂರ’ ಎಂದರೆ ಬಯಸು, ‘ಬೆಲ’ ಎಂದರೆ ಆಮೇಲೆ. ಹಿಂದಿನ ಕಾಲದಲ್ಲಿ ‘ಕೊ ನೆತ ಸೂರ’ ಎನ್ನುತ್ತಿದ್ದರು: ಬರಲು ಬಯಸುತ್ತೇನೆ. ಬಾಯಿಂದ ಬಾಯಿಗೆ ‘ಸೂರ’ ಸವೆದು ‘ಸು’ ಆಯಿತು, ಧಾತುವಿನ ಕೊನೆಯ ಸ್ವರ ಬಿದ್ದುಹೋಯಿತು, ತ್ ಮತ್ತು ಸ್ ಸೇರಿ ‘ಸ್ಸ್’ ಆಯಿತು. ಈಗ ‘ಕೊ ನೆಸ್ಸು’ ಎಂದರೆ ಬರಬೇಕು ಅಂತಿದ್ದೀನಿ. ‘ಬೆಲ’ ಸವೆದು ‘ಬೆ’ ಆಗಿ ಮುನ್ನೋಟದ ಗುರುತಾಯಿತು: ‘ಬೆ ಪೀರ’, ಮಳೆ ಬರುತ್ತೆ.

ಇಲ್ಲಿ ಇನ್ನೊಂದು ತೀರ್ಮಾನ ಕಾದಿದೆ. ಬಯಕೆಯಿಂದ ಹುಟ್ಟಿದ ರೂಪ ಮೊದಲು ಉದ್ದೇಶವಾಗುತ್ತದೆ, ಬಹಳ ಕಾಲ ಬಳಸಿದ ಮೇಲೆ ಮುನ್ನೋಟವಾಗುತ್ತದೆ. ಇಂಗ್ಲಿಷಿನ ‘ವಿಲ್’ ಕೊನೆಯ ಮೆಟ್ಟಿಲು ಮುಟ್ಟಿದೆ, ಮಳೆಗೂ ಅದನ್ನು ಬಳಸುತ್ತಾರೆ. ನಿಮ್ಮ ‘ಸು’ ಎಲ್ಲಿದೆ? ‘ಪೀರ್ಸು’ ಎಂದು ಮಳೆಯ ಬಗ್ಗೆ ಹೇಳಬಹುದು ಎಂದಾದರೆ ಅದು ಮುನ್ನೋಟವಾಗಿಬಿಟ್ಟಿದೆ, ಉದ್ದೇಶಕ್ಕೆ ಹೊಸ ರೂಪ ಬೇಕು. ಹಳಬರು ‘ಪೀರ್ಸು’ ತಪ್ಪು ಎನ್ನುತ್ತಾರೆ, ಹೊಸಬರು ಧಾರಾಳವಾಗಿ ಬಳಸುತ್ತಾರೆ ಎಂದೂ ಇಡಬಹುದು. ನನಗೆ ಇದೇ ಹೆಚ್ಚು ಇಷ್ಟ. ಭಾಷೆಗೆ ವಯಸ್ಸು ಇದೆ ಎಂದು ಓದುಗರಿಗೆ ಅನಿಸುತ್ತದೆ.

ಹಂತ 6: ‘ಇಲ್ಲ’ವನ್ನು ಎಲ್ಲಿಡುತ್ತೀರಿ?

‘ಬರುವ ಉದ್ದೇಶ ಇಲ್ಲ’ ಬೇರೆ, ‘ಬರಬಾರದು ಎಂಬ ಉದ್ದೇಶ ಇದೆ’ ಬೇರೆ. ಮೊದಲನೆಯದರಲ್ಲಿ ಮನಸ್ಸು ಖಾಲಿ, ಎರಡನೆಯದರಲ್ಲಿ ಹಟ ಇದೆ. ಕನ್ನಡದ ‘ನಾನು ಬರಲ್ಲ’ ಎರಡಕ್ಕೂ ಹೊಂದಿಕೊಳ್ಳುತ್ತದೆ, ದನಿಯಿಂದ ಅರ್ಥ ಮಾಡಿಕೊಳ್ಳುತ್ತೇವೆ.

ಕ್ಲಿಂಗಾನ್‌ನಲ್ಲಿ ನಿಷೇಧದ ‘ಬೆ’ ಪ್ರತ್ಯಯ ಓಡಾಡುತ್ತದೆ. ತನ್ನ ಹಿಂದಿರುವುದನ್ನು ಮಾತ್ರ ಅಲ್ಲಗಳೆಯುತ್ತದೆ. ‘ಜಿಷೋಪ್‌ಕಾಂಗ್‌ಬೆ’ ಎಂದರೆ ತಿನ್ನಲು ಒಪ್ಪಿಗೆ ಇಲ್ಲ. ‘ಜಿಷೋಪ್‌ಬೆಕಾಂಗ್’ ಎಂದರೆ ತಿನ್ನದೇ ಇರಲು ಒಪ್ಪಿಗೆ ಇದೆ. ನಮ್ಮ ಉದಾಹರಣೆಯ ಭಾಷೆಯಲ್ಲಿ ನಿಷೇಧಕ್ಕೆ ‘ಮಾ’ ಇಟ್ಟರೆ ಅದೇ ಉಪಾಯ ನಡೆಯುತ್ತದೆ. ‘ನೆತ ಸೂರ ಮಾ’ ಸವೆದು ‘ನೆಸ್ಸುಮಾ’: ಬರುವ ಮನಸ್ಸಿಲ್ಲ. ‘ನೆತ ಮಾ ಸೂರ’ ಸವೆದು ‘ನೆತಮ್ಸು’: ಬರಬಾರದು ಅಂತಿದ್ದೀನಿ. ಹಂತ 5ರಲ್ಲಿ ಹಳೆಯ ಕಥೆ ಕೊಟ್ಟಿದ್ದರ ಫಲ ಇಲ್ಲಿ ಸಿಕ್ಕಿತು. ಎರಡು ರೂಪಗಳು ತಾವಾಗಿಯೇ ಬಂದವು, ಬೇರೆ ನಿಯಮ ಬರೆಯಬೇಕಾಗಲಿಲ್ಲ.

ಹಂತ 7: ನಿನ್ನೆಯ ಉದ್ದೇಶ

ಉದ್ದೇಶದ ರೂಪವನ್ನು ಭೂತಕಾಲಕ್ಕೆ ಒಯ್ದು ನೋಡಿ. ‘ಬರಬೇಕು ಅಂತಿದ್ದೆ’ ಎಂದಷ್ಟೇ ಹೇಳಿ ನಿಲ್ಲಿಸಿದರೂ ಕೇಳುವವರಿಗೆ ಗೊತ್ತಾಗುತ್ತದೆ: ಬರಲಿಲ್ಲ. ಎಸ್ಪೆರಾಂಟೋದಲ್ಲಿ ಇದಕ್ಕೆ ‘ಒಂತಾ’ ಎಂಬ ಕೃದಂತವಿದೆ. ‘ಮಿ ಎಸ್ತಿಸ್ ವೆನೊಂತಾ’, ಬರುವವನಿದ್ದೆ. ನಿಮ್ಮ ಭಾಷೆಯಲ್ಲಿ ಈ ರೂಪ ‘ಆಗಲಿಲ್ಲ’ ಎಂಬುದನ್ನೂ ಸೇರಿಸಿ ಹೇಳುತ್ತದೆಯೋ, ಅದನ್ನು ಬೇರೆಯಾಗಿ ಹೇಳಬೇಕೋ, ನಿರ್ಧರಿಸಿ.

ಅಧೀನ ವಾಕ್ಯಗಳನ್ನೂ ಮರೆಯಬೇಡಿ. ‘ಅವನು ಬರಲಿ ಅಂತ ಆಸೆ’, ‘ಬರೋಕೆ ಹೊರಟೆ’, ‘ಬಂದರೆ ಕೊಡ್ತೀನಿ’. ಎಸ್ಪೆರಾಂಟೋದಲ್ಲಿ ಬಯಸುವ ಕ್ರಿಯಾಪದದ ಕೆಳಗೆ ‘ಉ’ ಬರುತ್ತದೆ, ಆಗ ಇಚ್ಛೆ ಮುಖ್ಯ ವಾಕ್ಯದ ಕರ್ತೃವಿನದ್ದು. ಹಂತ 4ರ ಪ್ರಶ್ನೆಯನ್ನು ಇಲ್ಲಿ ಇನ್ನೊಮ್ಮೆ ಕೇಳಿ.

ಹಂತ 8: ಆ ಜನ ಹೇಗೆ ಮಾತಾಡುತ್ತಾರೆ?

ವ್ಯಾಕರಣ ಸಿದ್ಧವಾದ ಮೇಲೆ ಬಳಕೆಯ ನಿಯಮ ಬರೆಯಿರಿ. ನಾಳೆಯ ಬಗ್ಗೆ ಖಾತ್ರಿಯಾಗಿ ಹೇಳುವುದು ಆ ಜನರಲ್ಲಿ ಅಹಂಕಾರವೇ? ಹಾಗಿದ್ದರೆ ‘ನಾನು ಮಾಡುತ್ತೇನೆ’ ಎನ್ನುವಾಗಲೂ ಹಾರೈಕೆಯ ರೂಪ ಬಳಸುತ್ತಾರೆ. ಹಿರಿಯರ ಮುಂದೆ ಸಂಕಲ್ಪದ ರೂಪ ಆಡಬಹುದೇ? ಸಮುದ್ರ, ಗಾಳಿ, ನದಿಗಳನ್ನು ಅವರು ಜೀವವುಳ್ಳವು ಎಂದು ನಂಬುತ್ತಾರೆಯೇ? ನಂಬುವವರಾದರೆ ಮಳೆಯ ಪರೀಕ್ಷೆಯ ಉತ್ತರವೇ ತಿರುಗಿಬಿಡುತ್ತದೆ: ‘ಪೀರ್ಸು’ ಎಂದರೆ ಮಳೆಗೆ ಇಂದು ಸುರಿಯುವ ಮನಸ್ಸಿದೆ. ಆಗ ‘ಬೆ ಪೀರ’ ಮತ್ತು ‘ಪೀರ್ಸು’ ಎರಡೂ ಉಳಿಯುತ್ತವೆ, ಒಂದು ಮೋಡ ನೋಡಿ ಹೇಳುವ ಮಾತು, ಇನ್ನೊಂದು ಪೂಜಾರಿಯ ಮಾತು.

ಎಲ್ಲ ಅರ್ಥಗಳಿಗೂ ಪ್ರತ್ಯಯ ಬೇಕಾಗಿಲ್ಲ. ಬಸ್ಸು ಹೊರಡುವ ವೇಳಾಪಟ್ಟಿಗೆ ಮೂಲ ಧಾತುವೇ ಸಾಕು. ನನ್ನ ಸಲಹೆ ಇದು: ಎರಡು ಅಥವಾ ಮೂರು ಗುರುತುಗಳನ್ನು ಪ್ರತ್ಯಯವಾಗಿಸಿ, ಇನ್ನೆರಡನ್ನು ಸಣ್ಣ ಪದಗಳಾಗಿಸಿ, ಉಳಿದದ್ದನ್ನು ಇಡೀ ವಾಕ್ಯದಿಂದ ಹೇಳಿಸಿ.

ಹಂತ 9: ಓಡಿಸಿ ನೋಡಿ, ಬರೆದಿಡಿ

ಒಂದು ಸಣ್ಣ ಸಂಭಾಷಣೆ ಬರೆಯಿರಿ. ನಾಳೆ ಬೆಳಗ್ಗೆ ದೋಣಿ ಹೊರಡುತ್ತದೆ. ಒಬ್ಬನಿಗೆ ಹೋಗುವ ಮನಸ್ಸಿದೆ, ಒಬ್ಬಳು ಬಂದೇ ಬರುತ್ತೇನೆ ಎನ್ನುತ್ತಾಳೆ, ಒಬ್ಬ ಒಲ್ಲೆ ಎನ್ನುತ್ತಾನೆ, ಮಗು ‘ನಾನೂ ಬರಲಾ?’ ಎಂದು ಕೇಳುತ್ತದೆ, ಅಜ್ಜಿ ಗಾಳಿ ಎದ್ದೀತು ಎಂದು ಎಚ್ಚರಿಸುತ್ತಾಳೆ. ಇದನ್ನು ನಿಮ್ಮ ಭಾಷೆಗೆ ಹಾಕಿ, ಪ್ರತಿ ಪದದ ಕೆಳಗೆ ಬಿಡಿ ಅರ್ಥ ಬರೆಯಿರಿ. ಇಬ್ಬರ ಮಾತಿನ ಕ್ರಿಯಾರೂಪ ಒಂದೇ ಆಗಿ, ಗೊಂದಲ ಹುಟ್ಟಿದರೆ ಹಂತ 4ಕ್ಕೆ ಮರಳಿ.

ಕೊನೆಗೆ ವ್ಯಾಕರಣದ ಕಡತದಲ್ಲಿ ಪ್ರತಿ ಗುರುತಿಗೂ ಒಂದು ನಮೂದು ಮಾಡಿ. ‘ಸು’ ಪ್ರತ್ಯಯದ್ದು ಹೀಗಿರಬಹುದು:

ಸು: ಉದ್ದೇಶ. ಮೂಲ: ‘ಸೂರ’, ಬಯಸು. ಧಾತುವಿನ ಕೊನೆಯ ಸ್ವರ ಬೀಳುತ್ತದೆ, ತ್ ಮುಂದೆ ‘ಸ್ಸು’. ಇಚ್ಛೆ ಕರ್ತೃವಿನದ್ದು. ಕೆಲಸ ಆಗದಿದ್ದರೆ ಮಾತು ಸುಳ್ಳಲ್ಲ. ಮಳೆ, ಗಾಳಿಗೆ: ಹಳಬರಲ್ಲಿ ಇಲ್ಲ, ಹೊಸಬರಲ್ಲಿ ಇದೆ. ನಿಷೇಧ: ‘ಸುಮಾ’, ಮನಸ್ಸಿಲ್ಲ, ‘ಮ್ಸು’, ಬೇಡವೆಂಬ ಮನಸ್ಸು. ಭೂತದಲ್ಲಿ: ಕೆಲಸ ಆಗಲಿಲ್ಲ ಎಂಬ ಸೂಚನೆ. ಪ್ರಮಾಣಕ್ಕೆ ಬಳಸುವುದಿಲ್ಲ.